ಉರಿಯೂತದ ದುಗ್ಧಗ್ರಂಥಿಯಲ್ಲಿ ಡೆಂಡ್ರಿಟಿಕ್ ಕೋಶ ಕಡಿಮೆಯಾಯಿತೇ?

ಪ್ರಶ್ನೆ:
ಇಲಿಯ ಪಾದಕ್ಕೆ ಎಲ್‌ಪಿಎಸ್ (ಉರಿಯೂತ ಎಬ್ಬಿಸುವ ಬ್ಯಾಕ್ಟೀರಿಯಾ ಅಂಶ) ಚುಚ್ಚಿ, ಮೂರನೇ ದಿನ ಮೊಣಕಾಲ ಹಿಂದಿನ ಗ್ರಂಥಿ ತೆಗೆದು ಕೋಶಗಳನ್ನು ಗುರುತಿಸಿ ಎಣಿಸುವ ಫ್ಲೋ ಸೈಟೋಮೆಟ್ರಿಗೆ ಹಾಕಿದೆ. ಗ್ರಂಥಿ ಚೆನ್ನಾಗಿ ಊದಿದೆ, ಆದರೆ ಡೆಂಡ್ರಿಟಿಕ್ ಕೋಶಗಳ (ರೋಗಾಣುವಿನ ತುಣುಕನ್ನು ಟಿ ಕೋಶಗಳಿಗೆ ತೋರಿಸುವ ಕೋಶಗಳ) ಶೇಕಡಾವಾರು ಅರ್ಧಕ್ಕಿಳಿದಿದೆ. ಉರಿಯೂತ ಬಂದರೆ ಪೂರ್ವಕೋಶಗಳಿಂದ ಹೊಸವು ಬೆಳೆಯುವುದು ನಿಲ್ಲುತ್ತದಾ? ಹಾಗಂತ ಸ್ಲೈಡ್ ಮಾಡಿಟ್ಟಿದ್ದೇನೆ, ನಾಳಿದ್ದು ಲ್ಯಾಬ್ ಮೀಟಿಂಗ್.

ಉತ್ತರ 1:
ಮೊದಲು ಆ ಸ್ಲೈಡ್ ಅಳಿಸಿ. ಡೆಂಡ್ರಿಟಿಕ್ ಕೋಶಗಳ ಒಟ್ಟು ಎಣಿಕೆ ಎಷ್ಟು? ಉರಿಯೂತದಲ್ಲಿ ಲಿಂಫೋಸೈಟ್‌ಗಳು ಗ್ರಂಥಿಯೊಳಗೆ ನುಗ್ಗುತ್ತವೆ, ಹೊರಹೋಗುವ ದಾರಿ ಸ್ವಲ್ಪ ಕಾಲ ಮುಚ್ಚಿರುತ್ತದೆ. ಛೇದವೇ, ಅಂದರೆ ಗ್ರಂಥಿಯ ಒಟ್ಟು ಕೋಶಸಂಖ್ಯೆಯೇ, ಊದಿದ ಮೇಲೆ ಶೇಕಡಾ ಇಳಿಯದೆ ಇನ್ನೇನು? ಅಂಗಾಂಶ ಸಡಿಲಿಸುವ ಕಿಣ್ವ ಕೊಲಾಜಿನೇಸ್ ಹಾಕಿದ್ದಿರಿ ತಾನೆ? ನಾನು ಮೊದಲ ವರ್ಷ ಗ್ರಂಥಿಯನ್ನು ಬರೀ ಜರಡಿಯ ಮೇಲೆ ತಿಕ್ಕಿ, ಬೇಕಾದ ಕೋಶಗಳನ್ನೆಲ್ಲ ಅಂಗಾಂಶದ ಚೂರಿನ ಜೊತೆ ಎಸೆದವನು.

ಪ್ರಶ್ನೆ ಕೇಳಿದವರು:
ಕೊಲಾಜಿನೇಸ್ ಹಾಕಿದ್ದೆ ಸರ್. ಈಗ ಆ ಎಣಿಕೆ ನೋಡಿದರೆ ನಾಲ್ಕು ಪಟ್ಟು ಹೆಚ್ಚಿದೆ! ಅಂದರೆ ಪೂರ್ವಕೋಶಗಳು ಅಲ್ಲೇ ವಿಭಜಿಸಿವೆ ಅನ್ನಬಹುದಾ?

ಉತ್ತರ 2:
ಒಂದು ತಪ್ಪಿನಿಂದ ಎದ್ದು ಇನ್ನೊಂದಕ್ಕೆ ಹಾರಬೇಡಿ. ಮಜ್ಜೆಯಿಂದ ಹೊರಟ ಪೂರ್ವಕೋಶಗಳು ರಕ್ತದ ಮೂಲಕ ಗ್ರಂಥಿ ಸೇರಿ, ಫ್ಲ್ಟ್3 ಲಿಗ್ಯಾಂಡ್ ಎಂಬ ಬೆಳವಣಿಗೆ ಪ್ರೋಟೀನಿನ ಬಲದಲ್ಲಿ ಅಲ್ಲೇ ವಿಭಜಿಸುತ್ತವೆ ಎಂಬುದನ್ನು 2009ರಲ್ಲೇ ತೋರಿಸಿದ್ದಾರೆ, ನಿಜ. ಆದರೆ ಚರ್ಮದಿಂದ ಸಿಸಿಆರ್7 (ಗ್ರಂಥಿಯತ್ತ ದಾರಿ ತೋರುವ ಗ್ರಾಹಕ) ಹಿಡಿದು ವಲಸೆ ಬರುವವೂ ಇವೆ. ಡೆಂಡ್ರಿಟಿಕ್ ವೇಷ ತೊಟ್ಟ ಮಾನೊಸೈಟ್‌ಗಳೂ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಇವೆ. ಸಾಮಾನ್ಯ ದಿನಗಳಲ್ಲಿ ಕೋಶದ ಮೇಲಿನ ಎಂಎಚ್‌ಸಿ-2 ಪ್ರೋಟೀನಿನ ಮಟ್ಟ ನೋಡಿ ವಲಸಿಗರನ್ನು ಸ್ಥಳೀಯರಿಂದ ಬೇರ್ಪಡಿಸಬಹುದು. ಉರಿಯೂತದಲ್ಲಿ ಸ್ಥಳೀಯರದೂ ಏರುತ್ತದೆ, ಎರಡನ್ನೂ ಬೇರ್ಪಡಿಸುವ ಗೆರೆ (ಗೇಟ್) ಕಲಸಿಹೋಗುತ್ತದೆ. ಮೇಲ್ಮೈಯಲ್ಲಿ ಸಿಡಿ64 ಎಂಬ ಗುರುತು ಇದ್ದರೆ ಮಾನೊಸೈಟ್ ಸಂತತಿ ಎಂದು ನಾವೆಲ್ಲ ಕಲಿತದ್ದು. ಉಸಿರಾಟದ ವೈರಸ್ ಸೋಂಕಿನಲ್ಲಿ ನಿಜವಾದ ಡೆಂಡ್ರಿಟಿಕ್ ಕೋಶಗಳ ಒಂದು ಬಗೆಯಾದ ಸಿಡಿಸಿ2 ಕೋಶಗಳೂ ಸಿಡಿ64 ತೋರಿಸುತ್ತವೆ ಎಂದು 2020ರಲ್ಲಿ ಗೊತ್ತಾಯಿತು. ಡೆಂಡ್ರಿಟಿಕ್ ಗುರುತಾದ ಸಿಡಿ26, ಮಾನೊಸೈಟ್ ಗುರುತಾದ ಸಿಡಿ88 ಎರಡನ್ನೂ ಪ್ಯಾನೆಲ್‌ಗೆ ಸೇರಿಸಿ.

ಗಟ್ಟಿ ಉತ್ತರ ಬೇಕಿದ್ದರೆ ಸಿಡಿ45.1 ಇಲಿಯ ಮಜ್ಜೆಯಿಂದ ಪೂರ್ವಕೋಶ ಬೇರ್ಪಡಿಸಿ, ಸಿಡಿ45.2 ಇಲಿಯ ರಕ್ತನಾಳಕ್ಕೆ ಕೊಡಿ; ಈ ಎರಡು ಗುರುತುಗಳಿಂದ ದಾನಿಯ ಕೋಶ ಯಾವುದೆಂದು ತಿಳಿಯುತ್ತದೆ. ಆಮೇಲೆ ಒಂದೇ ಪಾದಕ್ಕೆ ಎಲ್‌ಪಿಎಸ್. ಎರಡೂ ಕಾಲಿನ ಗ್ರಂಥಿಗಳಲ್ಲಿ ದಾನಿಯ ಕೋಶ ಎಷ್ಟು, ಇಡಿಯು (ವಿಭಜಿಸುವ ಕೋಶದ ಡಿಎನ್ಎಗೆ ಸೇರುವ ಗುರುತು ರಾಸಾಯನಿಕ) ಹೀರಿದವು ಎಷ್ಟು, ಹೋಲಿಸಿ. ಎಲ್‌ಪಿಎಸ್ ರಕ್ತಕ್ಕೂ ಸೋರುವುದರಿಂದ, ಏನೂ ಚುಚ್ಚದ ಇಲಿಯೊಂದು ಬೇಕೇ ಬೇಕು.

ಪ್ರಶ್ನೆ ಕೇಳಿದವರು:
ಸ್ಲೈಡ್ ಅಳಿಸಿದೆ. ಇನ್ನೊಂದು ಕಾಲಿನ ಗ್ರಂಥಿಯನ್ನು ಅವತ್ತೇ ಎಸೆದುಬಿಟ್ಟೆ ಸರ್, ಬೈಯಬೇಡಿ.