ಬಾಸ್ ಗಿಟಾರ್‌ಗೆ ಫ್ಲಾಟ್‌ವೌಂಡ್ ತಂತಿ: ರಿಪೇರಿಯವನನ್ನು ಕೇಳಿ

ಪ್ರಶ್ನೆ (ಮಂಡ್ಯದಿಂದ): ನಮಸ್ಕಾರ ಸರ್. ಹನ್ನೆರಡು ವರ್ಷಗಳಿಂದ ಆರ್ಕೆಸ್ಟ್ರಾದಲ್ಲಿ ಬಾಸ್ ನುಡಿಸುತ್ತಿದ್ದೇನೆ. ಗಣೇಶನ ಹಬ್ಬ, ಊರಹಬ್ಬ, ಮದುವೆ ಎಲ್ಲ ಆಯಿತು. ಈಗ ಎರಡು ವರ್ಷದಿಂದ ಭಾವಗೀತೆಯ ತಂಡವೊಂದರ ಜೊತೆಗೂ ಹೋಗುತ್ತಿದ್ದೇನೆ. ಕಳೆದ ತಿಂಗಳು ರೆಕಾರ್ಡಿಂಗ್ ನಡೆಯುವಾಗ ಗಾಯಕಿ ಹೆಡ್‌ಫೋನ್ ತೆಗೆದಿಟ್ಟು, ‘ಅಣ್ಣಾ, ಪಲ್ಲವಿ ಮುಗಿದ ಕೂಡಲೇ ಯಾರೋ ಹಳೆಯ ಬಾಗಿಲು ಎಳೆದ ಹಾಗೆ ಕಿರ್ ಎನ್ನುತ್ತದಲ್ಲ, ಅದೇನು?’ ಎಂದರು. ಅದು ನನ್ನ ಬೆರಳು ತಂತಿಯ ಮೇಲೆ ಜಾರುವ ಸದ್ದು. ಫ್ಲಾಟ್‌ವೌಂಡ್ ಹಾಕಿದರೆ ಹೋಗುತ್ತದೆ ಎನ್ನುತ್ತಾರೆ. ಹಾಕಿದರೆ ಬಾಸ್ ಸತ್ತಂತೆ ಕೇಳುತ್ತದೆ ಎಂದೂ ಎನ್ನುತ್ತಾರೆ. ಹಾಕಲೇ? ನಾಲ್ಕು ತಂತಿಯ ಮಾಮೂಲಿ ಬಾಸ್, 34 ಇಂಚಿನ ಸ್ಕೇಲ್ (ತಂತಿ ಮೊಳಗುವ ಉದ್ದ).

ಉತ್ತರ: ಹಾಕಿ. ನಿಮ್ಮ ಕೆಲಸಕ್ಕೆ ಅದೇ ಸರಿ.

ನಿಮ್ಮ ಬಾಸ್‌ನಲ್ಲಿ ಈಗಿರುವ ರೌಂಡ್‌ವೌಂಡ್, ನೀವು ಕೇಳುವ ಫ್ಲಾಟ್‌ವೌಂಡ್, ಎರಡೂ ಬಗೆಯ ತಂತಿಗಳ ಒಳಗಿರುವುದು ಉಕ್ಕಿನ ಎಳೆಯೇ. ವ್ಯತ್ಯಾಸವಿರುವುದು ಹೊರಸುತ್ತಿನಲ್ಲಿ. ರೌಂಡ್‌ವೌಂಡ್‌ನಲ್ಲಿ ಗುಂಡನೆಯ ತಂತಿಯನ್ನು ಸುತ್ತಿರುತ್ತಾರೆ, ಆದ್ದರಿಂದ ಮೈಯೆಲ್ಲ ಏಣು. ಉಗುರಿಟ್ಟು ಉದ್ದಕ್ಕೆ ಎಳೆದರೆ ಬ್ಯಾಗಿನ ಜಿಪ್ ಎಳೆದಂತೆ ಸದ್ದಾಗುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಚಪ್ಪಟೆ ಪಟ್ಟಿಯನ್ನು ಸುತ್ತಿರುತ್ತಾರೆ, ಉಗುರು ಗಾಜಿನ ಮೇಲೆ ಹೋದಂತೆ ಹೋಗುತ್ತದೆ. ಹೊಸದೇನೂ ಅಲ್ಲ. ನಿಮ್ಮ ತಂಡದ ಪಿಟೀಲಿನವರ ದಪ್ಪ ತಂತಿಗಳನ್ನು ಒಮ್ಮೆ ಮುಟ್ಟಿ ನೋಡಿ, ಅಲ್ಲಿಯೂ ನಯವಾದ ಪಟ್ಟಿಸುತ್ತೇ ಇರುತ್ತದೆ. 1951ರಲ್ಲಿ ಫೆಂಡರ್ ಕಂಪನಿಯ ಪ್ರಿಸಿಷನ್ ಬಾಸ್ ಬಂದಾಗ ಅದಕ್ಕೆ ಹಾಕುತ್ತಿದ್ದುದು ಫ್ಲಾಟ್‌ವೌಂಡೇ. ಅರುವತ್ತರ ದಶಕದಲ್ಲಿ ಇಂಗ್ಲೆಂಡಿನ ರಾಕ್ ತಂಡ ‘ದಿ ಹೂ’ದ ಬಾಸ್ ವಾದಕ ಜಾನ್ ಎಂಟ್ವಿಸಲ್ ಪಿಯಾನೊದ ಹಾಗೆ ಮೊಳಗುವ ತಂತಿ ಬೇಕೆಂದು ತಂತಿ ಮಾಡುವ ರೊಟೊಸೌಂಡ್ ಕಂಪನಿಯವರ ಬೆನ್ನು ಹತ್ತಿದ ಮೇಲೆ ರೌಂಡ್‌ವೌಂಡ್ ಹರಡಿತು. ಇಂದು ಅಂಗಡಿಯಲ್ಲಿ ‘ಬಾಸ್ ತಂತಿ ಕೊಡಿ’ ಎಂದರೆ ಅದನ್ನೇ ಕೊಡುತ್ತಾರೆ.

ಇನ್ನು ‘ಸತ್ತಂತೆ’ ಎನ್ನುವ ಮಾತು. ಫ್ಲಾಟ್‌ವೌಂಡ್‌ನಲ್ಲಿ ಮೂಲಸ್ವರ ದಪ್ಪ, ಅದರ ಜೊತೆಗೇ ಸಣ್ಣಗೆ ಮೊಳಗುವ ಮೇಲಿನ ಅನುಸ್ವರಗಳು (ಓವರ್‌ಟೋನ್) ಕಡಿಮೆ, ಝೇಂಕಾರ ಬೇಗ ಇಳಿಯುತ್ತದೆ. ಮನೆಯಲ್ಲಿ ಒಬ್ಬರೇ ಕುಳಿತು ಮೀಟಿದರೆ ‘ಇಷ್ಟೇನಾ?’ ಅನ್ನಿಸುತ್ತದೆ. ಎಷ್ಟೋ ಜನ ಆ ಸಂಜೆಯೇ ಬಿಚ್ಚಿ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಬಲಾ, ಹಾರ್ಮೋನಿಯಂ, ಕೊಳಲು ಇಟ್ಟುಕೊಂಡು ಒಂದು ಹಾಡು ನುಡಿಸಿ ನೋಡಿ. ತಬಲಾದ ಎಡಗೈ ಗುಮಕಿಗೂ ನಿಮ್ಮ ಬಾಸ್‌ಗೂ ಜಗಳ ನಿಂತಿರುತ್ತದೆ. ಗಾಯಕಿಯ ಮಾತಿನ ‘ಸ’ಕಾರ, ‘ಶ’ಕಾರಗಳಿಗೆ ಜಾಗ ಸಿಕ್ಕಿರುತ್ತದೆ. ಭಾವಗೀತೆಯಲ್ಲಿ ಸಾಹಿತ್ಯ ಕೇಳಬೇಕು, ಬಾಸ್ ಇದೆ ಎಂದು ತಿಳಿದರೆ ಸಾಕು.

ಮರುಪ್ರಶ್ನೆ (ಅದೇ ಮಂಡ್ಯದವರು, ಹತ್ತು ದಿನದ ನಂತರ): ತರಿಸಿಕೊಂಡೆ ಸರ್, 45–105ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ). ಮೂರು ತಂತಿ ಚೆನ್ನಾಗಿವೆ. ದಪ್ಪದ ಇ ತಂತಿ ಮಾತ್ರ ಮೀಟಿದರೆ ಟಪ್ ಎಂದು ಅಲ್ಲೇ ನಿಲ್ಲುತ್ತದೆ. ಶ್ರುತಿಯೂ ನಿಲ್ಲುತ್ತಿಲ್ಲ. ತಂತಿ ಉದ್ದವಾಗಿತ್ತು, ಅಳತೆ ನೋಡಿ ಕತ್ತರಿಸಿ ಹಾಕಿದೆ. ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುತ್ತಾರೆ.

ಉತ್ತರ: ಅಂಗಡಿಯವರ ತಪ್ಪಲ್ಲ, ನಿಮ್ಮ ಕತ್ತರಿಯ ತಪ್ಪು. ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಕಬ್ಬಿನ ಸಿಪ್ಪೆ ಸುಲಿದಂತೆ ಪಟ್ಟಿ ಸಡಿಲವಾಗಿ ತಿರುಗಿಕೊಂಡಿರಬೇಕು. ಹೊರಸುತ್ತು ಒಳಗಿನ ಎಳೆಯನ್ನು ಬಿಗಿಯಾಗಿ ಹಿಡಿದಿದ್ದರೆ ಮಾತ್ರ ತಂತಿ ಹಾಡುತ್ತದೆ. ಸುತ್ತು ಒಮ್ಮೆ ಸಡಿಲವಾದರೆ ಆ ಸಡಿಲು ತಂತಿಯುದ್ದಕ್ಕೂ ಸರಿದುಹೋಗುತ್ತದೆ. ಆ ಒಂದು ತಂತಿ ಹೋಯಿತು, ಬಿಡಿ. ನಾನೂ ಮೊದಲ ಸಲ ಹಾಗೆಯೇ ಒಂದನ್ನು ಕೊಂದಿದ್ದೇನೆ, ಅದೂ ಗಿರಾಕಿಯದು.

ಮುಂದಿನ ಸಲ ಹೀಗೆ ಮಾಡಿ. ತಂತಿಯನ್ನು ಬಿರಡೆಯವರೆಗೆ ಎಳೆದು, ಅಲ್ಲಿಂದ ನಾಲ್ಕು ಬೆರಳಗಲಕ್ಕಿಂತ ತುಸು ಹೆಚ್ಚು ಬಿಟ್ಟು, ಇಕ್ಕಳದಲ್ಲಿ ಹಿಡಿದು ಮೂಲೆಯ ಹಾಗೆ ಚೂಪಾಗಿ ಬಗ್ಗಿಸಿ. ಬಗ್ಗಿದ ಜಾಗದಲ್ಲಿ ಸುತ್ತು ಕಚ್ಚಿಕೊಳ್ಳುತ್ತದೆ. ಆಮೇಲೆ ಬಗ್ಗಿಸಿದ್ದರ ಆಚೆಗೆ ಕತ್ತರಿಸಿ. ಎಂದೂ ಬಗ್ಗಿಸುವ ಮೊದಲು ಕತ್ತರಿ ಹಚ್ಚಬೇಡಿ. ಇನ್ನೊಂದು: ತುದಿಗಳಲ್ಲಿ ಬಣ್ಣದ ದಾರ ಸುತ್ತಿರುತ್ತದಲ್ಲ, ಅದನ್ನು ರೇಷ್ಮೆ ಎನ್ನುತ್ತಾರೆ (ಮೈಸೂರು ರೇಷ್ಮೆಯಲ್ಲ). ಆ ದಾರ ಕುದುರೆಯ (ತಂತಿಯನ್ನು ಹೊರುವ ಬ್ರಿಡ್ಜ್) ಮೇಲೆ ಬಿದ್ದರೂ ನಾದ ಮಂಕಾಗುತ್ತದೆ. ಬಾಸ್‌ನ ಬೆನ್ನಿನಿಂದ ತಂತಿ ತೂರಿಸುವ ವ್ಯವಸ್ಥೆ ಇದ್ದರೂ ಫ್ಲಾಟ್‌ವೌಂಡನ್ನು ಕುದುರೆಯ ಹಿಂಬದಿಯಿಂದಲೇ ಹಾಕಿ. ಅಷ್ಟು ಚೂಪಾದ ತಿರುವು ಅದಕ್ಕೆ ಒಗ್ಗುವುದಿಲ್ಲ.

ಹೊಸ ತಂತಿ ಬಂದ ಮೇಲೆ ಬಾಸ್ ತೆಗೆದುಕೊಂಡು ಮೈಸೂರಿಗೆ ಬನ್ನಿ. ನಾಲ್ಕು ತಂತಿ ಸೇರಿ ಬಾಸ್‌ನ ಕತ್ತನ್ನು, ಅಂದರೆ ನೆಕ್ಕನ್ನು, 70ರಿಂದ 80 ಕಿಲೊ ತೂಕದಷ್ಟು ಎಳೆಯುತ್ತವೆ. ಅದೇ ದಪ್ಪದ ಫ್ಲಾಟ್‌ವೌಂಡ್ ಸಾಮಾನ್ಯವಾಗಿ ಇನ್ನೂ ಸ್ವಲ್ಪ ಹೆಚ್ಚು ಎಳೆಯುತ್ತದೆ, ನೆಕ್ ಮುಂದಕ್ಕೆ ಬಾಗುತ್ತದೆ. ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ (ನೆಕ್ಕಿನ ಮೇಲಿನ ಲೋಹದ ಮೆಟ್ಟಿಲು) ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದಾಗ ಏಳನೆಯ ಫ್ರೆಟ್ಟಿನ ಹತ್ತಿರ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಸಾಕು. ಅದಕ್ಕಿಂತ ಹೆಚ್ಚಿದ್ದರೆ ನೆಕ್ಕಿನೊಳಗಿನ ಸಲಾಕೆ, ಅಂದರೆ ಟ್ರಸ್ ರಾಡ್, ಕಾಲು ಸುತ್ತು ಬಿಗಿ ಮಾಡಬೇಕಾಗುತ್ತದೆ. ನಿಮಗೆ ಅಭ್ಯಾಸವಿಲ್ಲದಿದ್ದರೆ ಅದಕ್ಕೆ ಕೈ ಹಾಕಬೇಡಿ, ಬಸ್ ಚಾರ್ಜಿಗಿಂತ ನೆಕ್ಕಿನ ಬೆಲೆ ಹೆಚ್ಚು.

ಪ್ರಶ್ನೆ (ಶ್ರೀರಂಗಪಟ್ಟಣದಿಂದ): ಹಳೆಯ ತಂತಿಯನ್ನು ನೀರಿನಲ್ಲಿ ಕುದಿಸಿದರೆ ಹೊಸದರಂತಾಗುತ್ತದೆ ಎನ್ನುತ್ತಾರಲ್ಲ, ಫ್ಲಾಟ್‌ವೌಂಡ್‌ಗೂ ಆಗುತ್ತದೆಯೇ?

ಉತ್ತರ: ಬೇಡ. ರೌಂಡ್‌ವೌಂಡ್‌ನ ಏಣುಗಳ ನಡುವೆ ಬೆವರು, ಕೊಳೆ ಕೂರುತ್ತದೆ, ಕುದಿಸಿದರೆ ಕೆಲವು ದಿನ ಹೊಳಪು ಮರಳುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಕೊಳೆ ಕೂರಲು ಜಾಗವೇ ಕಡಿಮೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಅಷ್ಟೇ. ವರ್ಷಗಟ್ಟಲೆ ಬರುತ್ತದೆ, ಕೊಳ್ಳುವಾಗ ಹೆಚ್ಚು ಕೊಟ್ಟ ಹಣ ಅಲ್ಲಿಗೆ ವಸೂಲಾಗುತ್ತದೆ. ಮೋಟೌನ್ ಸಂಸ್ಥೆಯ ಹಾಡುಗಳಿಗೆ ಬಾಸ್ ನುಡಿಸಿದ ಜೇಮ್ಸ್ ಜೇಮರ್ಸನ್, ತಂತಿ ಹರಿಯದೆ ಬದಲಿಸುತ್ತಿರಲಿಲ್ಲ.

ಪ್ರಶ್ನೆ (ಮೈಸೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ): ಇದೆಲ್ಲ ತಾತಂದಿರ ತಂತಿ ಅಲ್ಲವೇ ಸರ್? ನಮ್ಮದು ಮೆಟಲ್ ಬ್ಯಾಂಡ್.

ಉತ್ತರ: ಮೆಟಲ್ ತಂಡ ಐರನ್ ಮೇಡನ್‌ನ ಬಾಸ್ ವಾದಕ ಸ್ಟೀವ್ ಹ್ಯಾರಿಸ್ ನುಡಿಸುವುದು ಫ್ಲಾಟ್‌ವೌಂಡ್, ಅದೂ 50–110ರ ದಪ್ಪದ್ದು. ಆ ಕುದುರೆ ಓಟದ ಬಾಸ್ ನಿನಗೆ ತಾತನ ಹಾಗೆ ಕೇಳಿದರೆ ನನ್ನ ಹತ್ತಿರ ಔಷಧಿಯಿಲ್ಲ. ಆದರೆ ಹೆಬ್ಬೆರಳಿನಲ್ಲಿ ಹೊಡೆಯುವ ಸ್ಲ್ಯಾಪ್ ನಿನ್ನ ಮುಖ್ಯ ಕಸುಬಾಗಿದ್ದರೆ ರೌಂಡ್‌ವೌಂಡೇ ಇರಲಿ ತಮ್ಮಾ. ಆ ಲೋಹದ ಛಟಛಟ ಫ್ಲಾಟ್‌ವೌಂಡ್‌ನಲ್ಲಿ ಬಾರದು.

ಪ್ರಶ್ನೆ (ಸರಸ್ವತೀಪುರಂನಿಂದ): ನಾನು ವೀಣೆ ಕಲಿತವಳು. ಮಗನ ಬಾಸ್ ಮೇಲೆ ಕೃತಿಗಳನ್ನು ಪ್ರಯತ್ನಿಸುತ್ತಿದ್ದೇನೆ. ಗಮಕಕ್ಕಾಗಿ ಫ್ರೆಟ್ಟಿಲ್ಲದ ಬಾಸ್ ಕೊಂಡು ಫ್ಲಾಟ್‌ವೌಂಡ್ ಹಾಕಬೇಕೆಂಬ ಆಸೆ. ಸರಿಯಾಗುತ್ತದೆಯೇ?

ಉತ್ತರ: ಮೇಡಂ, ನನಗೆ ತುಂಬ ಇಷ್ಟವಾದ ಪ್ರಶ್ನೆ, ಆದರೆ ಉತ್ತರ ಅರ್ಧ ಹೌದು, ಅರ್ಧ ಇಲ್ಲ.

ಹೌದು ಏಕೆಂದರೆ ಫ್ರೆಟ್ಟಿಲ್ಲದ ಮರದ ಮೇಲೆ ರೌಂಡ್‌ವೌಂಡ್ ಅರದ ಹಾಗೆ ಕೆಲಸ ಮಾಡುತ್ತದೆ. ಬೆರಳು ಕಂಪಿಸಿದಷ್ಟೂ ಮರ ಸವೆಯುತ್ತದೆ. ಫ್ಲಾಟ್‌ವೌಂಡ್ ಮರವನ್ನು ಉಳಿಸುತ್ತದೆ, ಜಾರು ಹಿಡಿದಾಗ ಕಿರುಗುಟ್ಟುವುದೂ ಇಲ್ಲ. ಮಂದ್ರದಲ್ಲಿ ಆಲಾಪನೆಯ ಹಾಗೆ ಒಂದೊಂದೇ ಸ್ವರವನ್ನು ಇಳಿಸಿಕೊಂಡು ಬಂದರೆ ಕೇಳುವ ಸುಖವೇ ಬೇರೆ.

ಇಲ್ಲ ಏಕೆಂದರೆ ನಿಮ್ಮ ಕೈಗೆ ಅಭ್ಯಾಸವಾಗಿರುವುದು ಮೆಟ್ಟಿಲಿನ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆಯುವ ಗಮಕ. ವೀಣೆಯ ತಂತಿ ಅದಕ್ಕೆ ಬಗ್ಗುತ್ತದೆ. ಬಾಸ್‌ನ ಫ್ಲಾಟ್‌ವೌಂಡ್ ಬಗ್ಗುವುದಿಲ್ಲ, ಬೆರಳು ನೋಯುತ್ತದೆ. ಗಮಕವನ್ನೆಲ್ಲ ಜಾರಿನಲ್ಲೇ ಹುಡುಕಬೇಕಾಗುತ್ತದೆ, ಅಂದರೆ ಮೆಟ್ಟಿಲಿಲ್ಲದ, ಜಾರಿಸಿ ನುಡಿಸುವ ಗೋಟುವಾದ್ಯದ ದಾರಿಗೆ ಹತ್ತಿರ. ಜೊತೆಗೆ ನಾದ ಬೇಗ ಇಳಿಯುವುದರಿಂದ ಉದ್ದನೆಯ ಜಾರು ಗುರಿ ಮುಟ್ಟುವ ಮೊದಲೇ ಸ್ವರ ಕರಗಿರುತ್ತದೆ, ಮತ್ತೊಂದು ಮೀಟು ಬೇಕಾಗುತ್ತದೆ. ಮೇಲಿನ ಸ್ಥಾಯಿಯಲ್ಲಿ ಇದು ಇನ್ನೂ ಹೆಚ್ಚು. ಆಸೆ ಬಿಡಲಾರದಿದ್ದರೆ ಕಡಿಮೆ ಎಳೆತದ ಸೆಟ್ ನೋಡಿ. ಥೋಮಾಸ್ಟಿಕ್ ಇನ್‌ಫೆಲ್ಡ್ ಕಂಪನಿಯ 43–100ರ ಸೆಟ್ ಕೈಗೆ ಮೆತ್ತಗಿರುತ್ತದೆ, ಫ್ಲಾಟ್‌ವೌಂಡ್‌ಗಳಲ್ಲಿ ಅದರ ಝೇಂಕಾರವೂ ಚೆನ್ನ. ಬೆಲೆ ಕೇಳಿ ಗಾಬರಿಯಾಗಬೇಡಿ.

ಮರುಪ್ರಶ್ನೆ (ಮತ್ತೆ ಮಂಡ್ಯದಿಂದ): ಹೊಸ ಇ ತಂತಿ ಬಂತು, ಬಗ್ಗಿಸಿಯೇ ಕತ್ತರಿಸಿದೆ. ರೆಕಾರ್ಡಿಂಗೂ ಆಯಿತು, ಕಿರ್ ಸದ್ದು ಇಲ್ಲ. ಆದರೆ ಮೊಬೈಲ್‌ನಲ್ಲಿ ಕೇಳಿದರೆ ಬಾಸ್ ಇರುವುದೇ ತಿಳಿಯುವುದಿಲ್ಲ ಎಂದು ಮನೆಯಾಕೆ ನಗುತ್ತಾಳೆ.

ಉತ್ತರ: ಅವರು ಹೇಳಿದ್ದು ಸರಿ. ಇ ತಂತಿಯ ಮೂಲಸ್ವರ 41 ಹರ್ಟ್ಸ್. ಮೊಬೈಲ್‌ನ ಪುಟ್ಟ ಸ್ಪೀಕರ್‌ಗೆ ಅದು ಎಟಕುವುದೇ ಇಲ್ಲ. ನಾವು ಮೊಬೈಲ್‌ನಲ್ಲಿ ಬಾಸ್ ಎಂದು ಕೇಳುವುದು ಅನುಸ್ವರಗಳನ್ನು, ಫ್ಲಾಟ್‌ವೌಂಡ್‌ನಲ್ಲಿ ಕಡಿಮೆಯಿರುವುದೂ ಅವೇ. ಟ್ರೆಬಲ್ ತಿರುಗಿಸಿ ಪ್ರಯೋಜನವಿಲ್ಲ, ಇಲ್ಲದ್ದನ್ನು ಎಷ್ಟು ಏರಿಸಿದರೂ ಹಿಸ್ ಎನ್ನುವ ಸದ್ದಷ್ಟೇ ಬರುತ್ತದೆ. ಮಿಕ್ಸ್ ಮಾಡುವವರಿಗೆ 400ರಿಂದ 800 ಹರ್ಟ್ಸ್ ನಡುವೆ ಸ್ವಲ್ಪ ಏರಿಸಲು ಹೇಳಿ. ನೀವು ಮೀಟುವ ಬೆರಳನ್ನು ಕುದುರೆಯ ಕಡೆಗೆ ಎರಡಿಂಚು ಸರಿಸಿ. ನೆಕ್ ನೋಡಬೇಕಲ್ಲ, ಭಾನುವಾರ ಬೆಳಗ್ಗೆ ಬನ್ನಿ, ಆ ಸತ್ತ ಇ ತಂತಿಯನ್ನೂ ಸುತ್ತಿಕೊಂಡು ತನ್ನಿ. ಅಂಗಡಿಯಲ್ಲಿ ತೂಗುಹಾಕುತ್ತೇನೆ, ಕತ್ತರಿ ಹಿಡಿದು ಬರುವವರಿಗೆ ತೋರಿಸಲು ಬೇಕು.