24 ವೋಲ್ಟ್ ಲಾರಿ: ಒಂದು ಬ್ಯಾಟರಿ ಕುದಿಯುತ್ತೆ, ಇನ್ನೊಂದು ಬೆಳಿಗ್ಗೆ ಕೈಕೊಡುತ್ತೆ

ಮೆಕ್ಕೆಜೋಳ_ಲೋಡ್ (ದಾವಣಗೆರೆ)
12 ವೋಲ್ಟಿನ 130 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಎರಡು, ಸೀರೀಸ್‌ನ್ಯಾಗ ಅದಾವು. ಹಾಕಿ ಎಂಟು ತಿಂಗಳು. ಒಂದಕ್ಕೆ ವಾರವಾರ ಡಿಸ್ಟಿಲ್ಡ್ ವಾಟರ್ ಬೇಕು. ಮುಚ್ಚಳದ ಸುತ್ತ ಯಾವಾಗ್ಲೂ ಹಸಿ, ಟರ್ಮಿನಲ್ ಮ್ಯಾಲೆ ಹಸಿರು ಹೂ ಕಟ್ಟತೈತಿ. ಇನ್ನೊಂದು ನೀರೇ ಕೇಳಂಗಿಲ್ಲ, ಆದ್ರ ಎಪಿಎಂಸಿ ಯಾರ್ಡ್‌ನ್ಯಾಗ ಒಂದು ರಾತ್ರಿ ನಿಂತ್ರ ಬೆಳಿಗ್ಗೆ ಸೆಲ್ಫ್ ಎಳಿಯಂಗಿಲ್ಲ. ಓಡುವಾಗ ಮೀಟರ್ 28.4 ತೋರಸ್ತೈತಿ. ಕಟೌಟ್ (ಚಾರ್ಜಿಂಗ್ ವೋಲ್ಟೇಜ್ ಹಿಡಿತದಾಗಿಡೋ ಡಬ್ಬಿ) ಬದಲಿಸಿದ್ರೂ ಅದೇ ಹಣೆಬರಹ. ಏನ್ ನೋಡ್ಬೇಕ್ರಿ?

ದುರ್ಗದ_ವೈರಿಂಗ್ (ಚಿತ್ರದುರ್ಗ)
ಕಟೌಟ್ ಸರಿಯಾಗೇ ಇದೆ ಅಣ್ಣ. ಅದು ನೋಡೋದು ಎರಡು ಬ್ಯಾಟರಿಯ ಒಟ್ಟು ವೋಲ್ಟೇಜ್ ಮಾತ್ರ, ಒಳಗೆ ಯಾರಿಗೆ ಎಷ್ಟು ಹೋಯ್ತು ಅಂತ ಅದಕ್ಕೆ ಗೊತ್ತಾಗಲ್ಲ. ಟೇಪು, ಫ್ಯಾನು, ಚಾರ್ಜರಿಗೆ 12 ವೋಲ್ಟ್ ಎಲ್ಲಿಂದ ತೆಗೆದಿದ್ದಾರೆ? ಎರಡನ್ನೂ ಜೋಡಿಸೋ ನಡು ಪಟ್ಟಿಯಿಂದಲೇ ಇರಬೇಕು. ಇಂಜಿನ್ ಆಫ್ ಮಾಡಿ ಎರಡು ಗಂಟೆ ಬಿಟ್ಟು ಒಂದೊಂದನ್ನೂ ಬೇರೆಬೇರೆ ಅಳೆಯಿರಿ. ಇಂಜಿನ್ ಓಡುವಾಗಲೂ ಒಮ್ಮೆ. ಹೈಡ್ರೋಮೀಟರ್ ಸಿಕ್ಕರೆ ಗ್ರಾವಿಟಿಯನ್ನೂ (ಒಳಗಿನ ಆಸಿಡ್ ಎಷ್ಟು ಗಟ್ಟಿ ಅನ್ನೋ ಅಳತೆ) ಬರೆಯಿರಿ.

ಮೆಕ್ಕೆಜೋಳ_ಲೋಡ್
ಹೌದ್ರಿ, ನಡು ಪಟ್ಟಿಯಿಂದನ ತಗದಾರ. ಮೈನಸ್ ಬಾಡಿಗೆ ಹೋಗಿರೋ ಬ್ಯಾಟರಿ: ನಿಂತಾಗ 12.1, ಓಡುವಾಗ 13.1, ಗ್ರಾವಿಟಿ 1.170. ಇನ್ನೊಂದು: ನಿಂತಾಗ 12.8, ಓಡುವಾಗ 15.3, ಗ್ರಾವಿಟಿ 1.290. ಫ್ಯಾನು ಟೇಪು ಎಲ್ಲಾ ಸೇರಿ 8 ಆಂಪ್ ಎಳೀತಾವು.

ದುರ್ಗದ_ವೈರಿಂಗ್
ರೋಗ ಈ ಅಂಕಿಗಳಲ್ಲೇ ಇದೆ. 13.1 ಕೂಡಿಸು 15.3, ಸರಿಯಾಗಿ 28.4. ರಾತ್ರಿ 8 ಗಂಟೆ 8 ಆಂಪ್ ಎಳೆದರೆ 64 ಎಎಚ್ ಹೋಯ್ತು, ಅದೂ ಬಾಡಿ ಕಡೆಯ ಒಂದೇ ಬ್ಯಾಟರಿಯಿಂದ. ಬೆಳಿಗ್ಗೆ ಡೈನಮೋ ಕೊಡೋ ಕರೆಂಟು ಸೀರೀಸಲ್ಲಿ ಎರಡಕ್ಕೂ ಒಂದೇ. ಮೇಲಿನದು, ಅಂದರೆ ಪ್ಲಸ್ ಕಡೆಯದು, ಆಗಲೇ ತುಂಬಿದೆ; ಕೆಳಗಿನದು, ಅಂದರೆ ಬಾಡಿ ಕಡೆಯದು, ಅರ್ಧ ಖಾಲಿ. ಕೆಳಗಿನದರ ವೋಲ್ಟೇಜ್ ಏರಲ್ಲ, ಉಳಿದದ್ದೆಲ್ಲ ಮೇಲಿನದರ ತಲೆಮೇಲೆ ಬೀಳುತ್ತೆ. 15 ದಾಟಿದರೆ ನೀರು ಗ್ಯಾಸಾಗಿ ಹೋಗುತ್ತೆ, ನೀರು ಕಡಿಮೆಯಾಗಿ ಆಸಿಡ್ ಗಟ್ಟಿಯಾಗುತ್ತೆ, ನಿಮ್ಮ 1.290 ಅದೇ. ಕೆಳಗಿನದರಲ್ಲಿ ಪ್ಲೇಟಿನ ಮೇಲೆ ಸಲ್ಫೇಟ್ ಕೂತು ಗಟ್ಟಿಯಾಗುತ್ತೆ. ಹೀಗೆ ಬಿಟ್ಟರೆ ಎರಡೂ ಹಾಳು, ಒಂದು ಹಸಿವಿಗೆ, ಇನ್ನೊಂದು ಅಜೀರ್ಣಕ್ಕೆ.

ಮೊದಲು ಬಾಡಿ ಮೈನಸ್ ಬಿಚ್ಚಿ, ಆಮೇಲೆ ನಡು ಪಟ್ಟಿ. ಮೇಲಿನದಕ್ಕೆ ಡಿಸ್ಟಿಲ್ಡ್ ವಾಟರ್ ಮಟ್ಟಕ್ಕೆ ತನ್ನಿ. ಕೆಳಗಿನದಕ್ಕೆ ಗ್ರಾವಿಟಿ ಕಡಿಮೆ ಅಂತ ದಯವಿಟ್ಟು ಆಸಿಡ್ ಹಾಕಿಸಬೇಡಿ, ಅದರ ಆಸಿಡ್ ಪ್ಲೇಟಿನೊಳಗೇ ಇದೆ, ಚಾರ್ಜಾದರೆ ಹೊರಗೆ ಬರುತ್ತೆ. ಗಾಳಿಯಾಡೋ ಕಡೆ 12 ವೋಲ್ಟ್ ಚಾರ್ಜರಲ್ಲಿ, 10ರಿಂದ 13 ಆಂಪಲ್ಲಿ, ಒಂದೊಂದನ್ನೇ ಚಾರ್ಜ್ ಮಾಡಿ. ಗಂಟೆಗೊಮ್ಮೆ ಅಳೆದಾಗ ಮೂರು ಸಲ ಗ್ರಾವಿಟಿ ಅಲುಗದೆ ನಿಂತರೆ ತುಂಬಿದೆ ಅಂತ. ಬೇಸಿಗೆಯಲ್ಲಿ ಮಧ್ಯಾಹ್ನ ಬೇಡ, ಬ್ಯಾಟರಿ 50 ಡಿಗ್ರಿ ದಾಟಬಾರದು. ಆಮೇಲೂ ಯಾವುದಾದರೂ ಸೆಲ್ಲು ಉಳಿದವಕ್ಕಿಂತ ಗ್ರಾವಿಟಿಯಲ್ಲಿ 0.050 ಕೆಳಗಿದ್ದರೆ ಆ ಸೆಲ್ಲು ಸತ್ತಿದೆ. ಆಗ ಎರಡೂ ಬ್ಯಾಟರಿ ಒಟ್ಟಿಗೆ ಬದಲಿಸಿ, ಹಳೇದರ ಜೊತೆ ಹೊಸದು ಕೂರಿಸಿದರೆ ಇದೇ ಜಗಳ ಮತ್ತೆ ಶುರು.

ನಡು ಪಟ್ಟಿಯ ವೈರು ಪೂರ್ತಿ ತೆಗೆದು 24ರಿಂದ 12ರ ಸ್ವಿಚಿಂಗ್ ಕನ್ವರ್ಟರ್ ಹಾಕಿ, 20 ಆಂಪಿನದು. ರೆಸಿಸ್ಟರ್ ಇಟ್ಟು ಇಳಿಸೋ ಅಗ್ಗದ ಡಬ್ಬಿ ಬೇಡ, 8 ಆಂಪಿಗೆ ನೂರು ವ್ಯಾಟಿಗಿಂತ ಜಾಸ್ತಿ ಬರೀ ಬಿಸಿಯಾಗಿ ಹೋಗುತ್ತೆ. ಕನ್ವರ್ಟರಿನ ಪ್ಲಸ್ ಮೇಲಿನ ಬ್ಯಾಟರಿಯ ಪ್ಲಸ್‌ಗೆ, ಟರ್ಮಿನಲ್ ಪಕ್ಕದಲ್ಲೇ 15 ಆಂಪ್ ಫ್ಯೂಸು. ವೈರು 4 ಚದರ ಮಿಮೀ, ಲಗ್ ಕ್ರಿಂಪ್ ಮಾಡಿಸಿ, ಸುತ್ತಿ ಟೇಪ್ ಹಾಕಬೇಡಿ. 12ರ ಕಡೆ 8 ಆಂಪಿಗೆ 24ರ ಕಡೆ ಸುಮಾರು 4.6 ಆಂಪ್ ಸಾಕು. ರಾತ್ರಿಗೆ 37 ಎಎಚ್, ಎರಡೂ ಬ್ಯಾಟರಿಯಿಂದ ಸಮ ಸಮ.

ಹಿರಿಯೂರು_ಹೈವೇ
ತಿಂಗಳಿಗೊಮ್ಮೆ ಬ್ಯಾಟರಿ ಅದಲು-ಬದಲು ಮಾಡಿದರೆ ಸಾಲದೇ? ಇನ್ನೊಂದು, ಹೊಸ 48 ವೋಲ್ಟ್ ಕಾರುಗಳಲ್ಲೂ ಈ ತೊಂದರೆ ಇದೆಯಾ?

ದುರ್ಗದ_ವೈರಿಂಗ್
ಅದಲು-ಬದಲು ಮಾಡಿದರೆ ಹಾನಿ ಇಬ್ಬರಿಗೂ ಹಂಚಿಕೆಯಾಗುತ್ತೆ, ನಿಲ್ಲಲ್ಲ. ನಡುವಿನಿಂದಲೇ ತೆಗೆಯಬೇಕು ಅಂದರೆ ಈಕ್ವಲೈಜರ್ ಬೇಕು. ಪ್ಲಸ್, ನಡು, ಮೈನಸ್ ಮೂರು ವೈರು, ಕೆಳಗಿನದು ಕುಸಿದಷ್ಟೂ ಅದೇ ತುಂಬಿಸುತ್ತೆ. 48ರ ಕಾರಲ್ಲಿ ಬೆಲ್ಟಿನ ಜನರೇಟರ್ 48 ಮಾತ್ರ ತಯಾರಿಸುತ್ತೆ, 12 ಕನ್ವರ್ಟರಿಂದಲೇ ಬರುತ್ತೆ. ನಡುವೆ ಕೈಹಾಕೋ ಜಾಗವೇ ಇಲ್ಲ. 48 ಅಂತ ಆರಿಸಿದ್ದಕ್ಕೆ ಒಂದು ಕಾರಣ, ಚಾರ್ಜಾಗುವಾಗಲೂ ಅದು 60 ವೋಲ್ಟಿನ ಸುರಕ್ಷತಾ ಮಿತಿಯೊಳಗೇ ಇರುತ್ತೆ.

ಮೆಕ್ಕೆಜೋಳ_ಲೋಡ್
ಕನ್ವರ್ಟರ್ ಹಾಕ್ಸಿದೆ. ಓಡುವಾಗ 14.1 ಮತ್ತು 14.3. ಆದ್ರ ನಡು ಪಟ್ಟಿಗೆ ಇನ್ನೊಂದು ಸಣ್ಣ ವೈರ್ ಐತಿ, ಮೀಟರ್ ಸೀರೀಸ್ ಇಟ್ರ 60 ಮಿಲಿ ಆಂಪ್. ಜಿಪಿಎಸ್ ಡಬ್ಬಿದು. ಇಷ್ಟಕ್ಕೇನಾಗ್ತೈತಿ, ಬಿಡ್ಲ್ಯಾ?

ದುರ್ಗದ_ವೈರಿಂಗ್
ಬಿಡಬೇಡಿ ಅಣ್ಣ. ಅದು ಹಗಲು ರಾತ್ರಿ ಎಳೆಯುತ್ತೆ: ದಿನಕ್ಕೆ 1.44, ತಿಂಗಳಿಗೆ 43 ಎಎಚ್, ಮತ್ತೆ ಅದೇ ಒಂದು ಬ್ಯಾಟರಿಯಿಂದ. ಡಬ್ಬಿಯ ಚೀಟಿ ನೋಡಿ. 9ರಿಂದ 36 ವೋಲ್ಟ್ ಅಂತಿದ್ದರೆ 1 ಆಂಪ್ ಫ್ಯೂಸ್ ಇಟ್ಟು ನೇರ 24ಕ್ಕೆ ಕೊಡಿ. ಇಲ್ಲದಿದ್ದರೆ ಕನ್ವರ್ಟರಿನ 12ರ ಕಡೆಗೆ.