ಪದಚರ್ಚೆ: ಮೇಜಿನ ಯುದ್ಧದಾಟದ ‘ಪೈಕ್’, ‘ಪೈಕ್ ಬ್ಲಾಕ್’, ‘ಫರ್ಲಾರ್ನ್ ಹೋಪ್’ – ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ

ಇಟಲಿಯ ಯುದ್ಧಗಳನ್ನು (1494–1559) ಬಣ್ಣ ಹಚ್ಚಿದ 28 ಮಿ.ಮೀ. ಬೊಂಬೆಗಳಿಟ್ಟು ಮೇಜಿನ ಮೇಲೆ ಆಡುವವರಿಗಾಗಿ ಕನ್ನಡದಲ್ಲಿ ನಾಲ್ಕು ಪುಟದ ನಿಯಮಚೀಟಿ ತಯಾರಾಗುತ್ತಿದೆ. ಆಟದ ಚೌಕಟ್ಟು ‘ಪೈಕ್ ಅಂಡ್ ಷಾಟ್’ ಬಗೆಯದು, ಅಂದರೆ ಪೈಕ್ ಹಿಡಿದವರೂ ಕೋವಿಯವರೂ ಜೊತೆಗೂಡಿ ಕಾದುವ ಕಾಲದ್ದು. ಬೇಸ್ (ಬೊಂಬೆ ಅಂಟಿಸುವ ತಟ್ಟೆ), ಪ್ರೈಮರ್ (ಬಣ್ಣಕ್ಕೆ ಮೊದಲಿನ ಲೇಪ), ಯೂನಿಟ್ (ಒಟ್ಟಾಗಿ ನಡೆಯುವ ತುಕಡಿ) ಇವನ್ನೆಲ್ಲ ಕನ್ನಡಿಸುವ ಉದ್ದೇಶವಿಲ್ಲ, ಆಡುವವರ ಬಾಯಲ್ಲಿ ಅವು ಹಾಗೇ ನಿಂತಿವೆ. ತೊಡಕಾಗಿರುವುದು ಪೈಕ್ (ಪದಾತಿಯ ಬಲು ಉದ್ದದ ತಿವಿಯುವ ಆಯುಧ), ಪೈಕ್ ಬ್ಲಾಕ್ (ಅದನ್ನು ಹಿಡಿದವರ ಒತ್ತಾದ ದಂಡು), ಆರ್ಕ್ವೆಬಸ್ (ಆ ಕಾಲದ ಕೋವಿ), ಪುಷ್ ಆಫ್ ಪೈಕ್ (ಎರಡು ಪೈಕ್ ಬ್ಲಾಕ್‌ಗಳ ಮುಖಾಮುಖಿ ಕಾದಾಟ), ಫರ್ಲಾರ್ನ್ ಹೋಪ್ (ಎಲ್ಲರಿಗಿಂತ ಮುಂದೆ ನುಗ್ಗುವ ಪಡೆ) ಮತ್ತು ಯೂನಿಟ್ಟಿನ ಸ್ಥಿತಿ ಹೇಳುವ ಡಿಸಾರ್ಡರ್ಡ್, ಶೇಕನ್.

ಸದ್ಯದ ಕರಡಿನಲ್ಲಿ ಪದಾತಿಯ ಪೈಕ್‌ಗೂ ‘ಈಟಿ’, ಸವಾರನ ಲ್ಯಾನ್ಸ್‌ಗೂ ‘ಈಟಿ’. ‘ಈಟಿ ಇದ್ದವರ ಮೇಲೆ ಕುದುರೆ ನುಗ್ಗುವಂತಿಲ್ಲ’ ಅನ್ನುವ ಸಾಲು ಓದಿದರೆ ಕುದುರೆಯ ಮೇಲೆ ಕುದುರೆಯೂ ನುಗ್ಗುವಂತಿಲ್ಲ ಎಂದಾಗುತ್ತದೆ. ಬಲ್ಲವರು ತಿಳಿಸಿ.

ಉತ್ತರ

ಪದ ಹುಡುಕುವ ಮೊದಲು ಆ ಆಯುಧ ಮೇಜಿನ ಮೇಲೆ ಮಾಡುವ ಕೆಲಸ ಏನು ಅಂತ ನೋಡೋಣ. ಸ್ವಿಸ್ಸರ ಪೈಕ್ ಸುಮಾರು 5 ಮೀಟರ್ ಉದ್ದ. ಎರಡೂ ಕೈ ಬೇಕು, ಗುರಾಣಿಗೆ ಕೈ ಉಳಿಯುವುದಿಲ್ಲ, ಎಸೆಯುವ ಮಾತೇ ಇಲ್ಲ. ಒಬ್ಬನೇ ಹಿಡಿದು ನಿಂತರೆ ಅದರಿಂದ ಉಪಯೋಗವೂ ಇಲ್ಲ: ಎದುರಾಳಿ ಮೊನೆ ತಪ್ಪಿಸಿ ಒಳಗೆ ಬಂದರೆ ಅವನ ಕತೆ ಮುಗಿಯಿತು. ಹಿಂದಿನ ಮೂರು ನಾಲ್ಕು ಸಾಲುಗಳ ಮೊನೆಗಳೂ ಮುಂದೆ ಚಾಚಿಕೊಂಡಾಗಲೇ ಅದಕ್ಕೆ ಬಲ. ‘ಈಟಿ’ ಅಂದರೆ ಕನ್ನಡದ ಕಿವಿಗೆ ಒಂದೇ ಕೈಯಲ್ಲಿ ತಿವಿಯುವ, ಬೇಕಾದರೆ ಬೀಸಿ ಒಗೆಯುವ ಆಯುಧ. ಶಾಲೆಯ ಕ್ರೀಡಾಕೂಟದ ‘ಈಟಿ ಎಸೆತ’ ಆ ಅರ್ಥವನ್ನು ಇನ್ನಷ್ಟು ಗಟ್ಟಿ ಮಾಡಿದೆ. ಹಾಗಾಗಿ ಈಟಿ ಬೇಡ.

‘ಭರ್ಜಿ’ ಸವಾರನ ಕೈಗೆ ಒಪ್ಪುತ್ತದೆ. ಅದನ್ನು ಫ್ರೆಂಚ್ ಜಾಂದಾರ್ಮ್‌ಗಳ (ಕವಚ ತೊಟ್ಟ ಸವಾರರ) ಲ್ಯಾನ್ಸ್‌ಗೆ ಬಿಟ್ಟುಕೊಡಿ. ಪೈಕ್‌ಗೆ ನಡುಗನ್ನಡ ಕಾವ್ಯಗಳ ‘ಸಬಳ’ ತೆಗೆದುಕೊಳ್ಳಬಹುದು, ಹಿಡಿದವನು ‘ಸಬಳಿಗ’. ಕಾವ್ಯದಲ್ಲಿ ಅದಕ್ಕೆ ಇಷ್ಟೇ ಉದ್ದ ಎಂಬ ಕಟ್ಟುನಿಟ್ಟೇನಿಲ್ಲ, ನಿಜ. ಆದರೆ ಇವತ್ತಿನ ಓದುಗನ ತಲೆಯಲ್ಲಿ ಆ ಪದಕ್ಕೆ ಬೇರೆ ಚಿತ್ರ ಕೂತಿಲ್ಲ, ನಮಗೆ ಬೇಕಾದ ಅರ್ಥ ತುಂಬಲು ಜಾಗವಿದೆ. ಹಿಂದಿ ಬಲ್ಲವರಿಗೆ ‘ಸಬ್ಬಲ್’ ಎಂದರೆ ಹಾರೆ. ಅವರು ಒಮ್ಮೆ ನಗಬಹುದು, ನಗಲಿ.

ಪೈಕ್ ಬ್ಲಾಕ್‌ಗೆ ‘ಚೌಕ’, ‘ಗುಚ್ಛ’ ಬೇಡ. ಜರ್ಮನರು ಇದನ್ನು ಹೌಫೆನ್ ಅನ್ನುತ್ತಿದ್ದರು, ಅಂದರೆ ರಾಶಿ, ಗುಡ್ಡೆ. ಕನ್ನಡದಲ್ಲಿ ‘ಥಟ್ಟು’ ಇದೆ. ಒತ್ತೊತ್ತಾಗಿ ನೆರೆದ ಸೈನ್ಯ ಎಂಬ ಅರ್ಥ ಅದರಲ್ಲೇ ಇದೆ. ‘ಸಬಳದ ಥಟ್ಟು’ ಅಂದರೆ ಸಾಕು. ಆಟ ಶುರುವಾಗುವ ಮುನ್ನ ಯೂನಿಟ್‌ಗಳನ್ನು ಮೇಜಿನ ಮೇಲೆ ಜೋಡಿಸುವುದಕ್ಕೆ ‘ನಿಯೋಜನೆ’ ಎಂದು ಬರೆದಿದ್ದರೆ ಅದನ್ನೂ ತೆಗೆದು ‘ಮೋಹರಿಸು’ ಹಾಕಿ. ನಿಯೋಜನೆ ಚುನಾವಣಾ ಕರ್ತವ್ಯದ ಮಾತು.

ಉತ್ತರ

‘ಸಬಳ’ಕ್ಕೆ ನನ್ನ ಒಪ್ಪಿಗೆಯಿದೆ, ಆದರೆ ಚೀಟಿಯಲ್ಲಿ ಅಳತೆಯೂ ಬರಲಿ, ಪದ ಹೊಸದು, ಅಳತೆ ಕಂಡರೆ ಅರ್ಥ ತಾನೇ ಕೂರುತ್ತದೆ. 28 ಮಿ.ಮೀ. ಬೊಂಬೆ ಅಂದರೆ ಸುಮಾರು 56ರಲ್ಲಿ ಒಂದು ಪ್ರಮಾಣ. 5 ಮೀಟರನ್ನು 56ರಿಂದ ಭಾಗಿಸಿದರೆ 89 ಮಿ.ಮೀ., ಅಂದರೆ ಹೆಚ್ಚುಕಡಿಮೆ 9 ಸೆಂ.ಮೀ. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಸಬಳಗಳು ಬಾಗುತ್ತವೆ, ಬಟ್ಟೆ ತಗುಲಿದರೂ ಮುರಿಯುತ್ತವೆ. 0.8ರಿಂದ 1 ಮಿ.ಮೀ. ದಪ್ಪದ ಉಕ್ಕಿನ ಪಿಯಾನೋ ತಂತಿ ಒಳ್ಳೆಯದು. ಅದನ್ನು ಸಾಮಾನ್ಯ ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಬೇಡಿ, ಅದರ ಅಲಗಿಗೆ ಕಚ್ಚು ಬೀಳುತ್ತದೆ. ಗಟ್ಟಿ ತಂತಿಗೆಂದೇ ಇರುವ ಕಟರ್ ಬೇಕು, ಕಣ್ಣಿಗೆ ಕನ್ನಡಕವೂ ಬೇಕು, ತುಂಡು ಸಿಡಿಯುತ್ತದೆ. ಮೊನೆಗೆ ಅಗಲವಾದ ಅಲಗು ಬೇಕೆಂದರೆ ಪಿಯಾನೋ ತಂತಿ ಸುತ್ತಿಗೆಗೆ ಬಗ್ಗುವುದಿಲ್ಲ, ಆಗ ಹಿತ್ತಾಳೆ ತಂತಿ ತಗೊಂಡು ತುದಿ ಬಡಿದು ಅರದಿಂದ ಉಜ್ಜಿ. ಬೊಂಬೆಯ ಮುಷ್ಟಿಗೆ ತಂತಿಗಿಂತ 0.1 ಮಿ.ಮೀ. ದೊಡ್ಡ ಬಿಟ್‌ನಿಂದ ಕೈ ಡ್ರಿಲ್ ತಿರುಗಿಸಿ ತೂತು ಕೊರೆಯಿರಿ. ಸರಿಸಮ ಅಳತೆ ಕೊರೆದರೆ ಪ್ರೈಮರ್ ಬಿದ್ದ ಮೇಲೆ ತಂತಿ ಒಳಗೆ ಹೋಗುವುದಿಲ್ಲ, ಒತ್ತಿದರೆ ಬೆರಳೇ ಕಿತ್ತುಬರುತ್ತದೆ.

ಇನ್ನೊಂದು ಸಮಸ್ಯೆ ಪದಕ್ಕೂ ಸಂಬಂಧಿಸಿದ್ದು. 40×40 ಮಿ.ಮೀ. ಬೇಸಿನ ಮೇಲೆ ಎರಡೆರಡರಂತೆ ನಾಲ್ಕು ಬೊಂಬೆ ಅಂಟಿಸುವುದು ರೂಢಿ. ಮುಂದಿನ ಸಾಲಿನ ಸಬಳವನ್ನು ಅಡ್ಡಲಾಗಿ ಇಳಿಸಿದರೆ ಅದು ಬೇಸಿನಿಂದ 4–5 ಸೆಂ.ಮೀ. ಹೊರಗೆ ಚಾಚುತ್ತದೆ. ಎದುರಿನ ಥಟ್ಟೂ ಹಾಗೇ ಇದ್ದರೆ ಬೇಸಿಗೆ ಬೇಸು ತಾಗುವುದೇ ಇಲ್ಲ, ಆಮೇಲೆ ಕಾದಾಟ ಶುರುವಾಯಿತೋ ಇಲ್ಲವೋ ಎಂಬ ಜಗಳ. ಅದಕ್ಕೆ ಮುಂದಿನ ಬೇಸುಗಳಲ್ಲಿ ಮಾತ್ರ, ಅದೂ ಎದೆಮಟ್ಟಕ್ಕಿಂತ ಮೇಲಕ್ಕೆ ಓರೆಯಾಗಿ ಸಬಳ ಇಳಿಸಿ. ಉಳಿದವು ನೆಟ್ಟಗೆ ನಿಲ್ಲಲಿ. ಚೀಟಿಯಲ್ಲಿ ‘ಮುಟ್ಟಿದರೆ’ ಅಂತಿರುವ ಕಡೆಯೆಲ್ಲ ‘ಬೇಸಿಗೆ ಬೇಸು ತಾಗಿದರೆ’ ಎಂದು ಬಿಡಿಸಿ ಬರೆಯಿರಿ. ತಂತಿಗೆ ತಂತಿ ಮುಟ್ಟುವುದು ಲೆಕ್ಕಕ್ಕಿಲ್ಲ.

ವಾರ್ನಿಶ್ ಬಗ್ಗೆ ಚೀಟಿಯಲ್ಲಿ ಸಾಲು ಬರುವುದಾದರೆ: ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡುಗಳಲ್ಲಿ, ಮ್ಯಾಟ್ ಸ್ಪ್ರೇ ಹೊಡೆದರೆ ತೇವ ಸಿಕ್ಕಿಕೊಂಡು ಬಣ್ಣ ಬಿಳಿಚುತ್ತದೆ. ಆ ತಿಂಗಳುಗಳಲ್ಲಿ ಕುಂಚದಿಂದಲೇ ಹಚ್ಚುವ ವಾರ್ನಿಶ್ ಆಗಲಿ.

ಉತ್ತರ

ಆರ್ಕ್ವೆಬಸ್‌ಗೆ ಕನ್ನಡದಲ್ಲಿ ಪದದ ಬರವಿಲ್ಲ, ಆರಿಸಿಕೊಳ್ಳುವುದೇ ಕಷ್ಟ. ಕೋವಿ, ತುಪಾಕಿ, ಬಂದೂಕು ಮೂರೂ ಇವೆ. ‘ತುಪಾಕಿ’ಯ ಬೇರು ತುರ್ಕಿ ಭಾಷೆಯ ತುಫೆಕ್. ‘ಕೋವಿ’ಗೆ ಮೂಲದಲ್ಲಿ ಕೊಳವೆ ಎಂಬ ಅರ್ಥವೂ ಇದೆ. ಈ ಆಯುಧ ನಮ್ಮ ನೆಲಕ್ಕೂ ಅದೇ ಕಾಲದಲ್ಲಿ ಬಂದದ್ದು: 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಕಡೆ ಕ್ರಿಸ್ತೋವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರು ಕೋಟೆಗೋಡೆಯ ಮೇಲಿನ ಕಾವಲಿನವರನ್ನು ಗುರಿಯಿಟ್ಟು ಉರುಳಿಸಿದರು. ಇಟಲಿಯಲ್ಲಿ ಮಾರಿನ್ಯಾನೊ ಕಾಳಗ ನಡೆದು ಆಗ ಐದು ವರ್ಷ, ಬಿಕೊಕ್ಕಾ ಕಾಳಗಕ್ಕೆ ಇನ್ನೂ ಎರಡು ವರ್ಷ.

ನನ್ನ ಆಯ್ಕೆ ‘ಬತ್ತಿಕೋವಿ’. ಉರಿಯುವ ಬತ್ತಿಯಿಂದ ಮದ್ದಿಗೆ ಕಿಡಿ ತಾಗಿಸುವುದು ಅದರಲ್ಲೇ ಗೊತ್ತಾಗುತ್ತದೆ. ‘ಬಂದೂಕು’ ಅಂದರೆ ಓದುಗನಿಗೆ ಇವತ್ತಿನ ಪೊಲೀಸಿನವನ ಹೆಗಲು ನೆನಪಾಗುತ್ತದೆ. ಮದ್ದು ತುಂಬಿ, ಗುಂಡು ಹಾಕಿ, ಗಜದಿಂದ ಗಿಡಿದು, ಕೋವಿಯ ಕಿವಿಗೆ (ಕಿಡಿ ತಾಗುವ ತೂತಿಗೆ) ಮದ್ದಿಟ್ಟು, ಬತ್ತಿ ಊದಿ ಸಿಕ್ಕಿಸಿ ಹೊಡೆಯುವ ಹೊತ್ತಿಗೆ ಕುದುರೆ ಬಂದು ಮೇಲೆ ಬಿದ್ದಿರುತ್ತದೆ. ಸಬಳದ ಥಟ್ಟಿನ ಮರೆ ಯಾಕೆ ಬೇಕು ಎನ್ನುವುದೂ ಅದರಲ್ಲೇ ಇದೆ. ಥಟ್ಟಿನ ಎರಡು ಪಕ್ಕ ನಿಲ್ಲುವ ಕೋವಿಗಾರರನ್ನು ಇಂಗ್ಲಿಷಿನವರು ಅಂಗಿಯ ತೋಳು ಅನ್ನುತ್ತಾರೆ. ಕನ್ನಡದಲ್ಲಿ ‘ಇಕ್ಕೆಲದ ಕೋವಿ’ ಎಂದರೆ ಮುಗಿಯಿತು. ಫಿರಂಗಿ ಹಾಗೇ ಇರಲಿ. ಆ ಪದ ಹುಟ್ಟಿದ್ದೇ ಫ್ರಾಂಕ್ ಜನರ ಹೆಸರಿನಿಂದ, ಇಟಲಿಗೆ ಇಳಿದ ಫ್ರೆಂಚರ ತೋಪುಗಳಿಗೆ ಅದಕ್ಕಿಂತ ಸರಿಯಾದ ಹೆಸರು ಎಲ್ಲಿದೆ?

ಹ್ಯಾಲ್ಬರ್ಡ್‌ಗೆ (ಉದ್ದ ಕೋಲಿನ ತುದಿಗೆ ಕೊಡಲಿ, ಮೊನೆ, ಕೊಕ್ಕೆ ಮೂರೂ ಇರುವ ಆಯುಧಕ್ಕೆ) ಯಾರೋ ‘ಗಂಡುಗೊಡಲಿ’ ಸೂಚಿಸುವ ಮುನ್ನವೇ ಹೇಳಿಬಿಡುತ್ತೇನೆ: ಕೊಡಲಿಯಲ್ಲಿ ತಿವಿಯುವ ಮೊನೆಯಿಲ್ಲ, ಸವಾರನನ್ನು ಕೆಳಗೆಳೆಯುವ ಕೊಕ್ಕೆಯೂ ಇಲ್ಲ. ಹ್ಯಾಲ್ಬರ್ಡ್ ಎಂದೇ ಬರೆಯಿರಿ.

ಉತ್ತರ

ಫರ್ಲಾರ್ನ್ ಹೋಪ್ ಬಗ್ಗೆ ಎಚ್ಚರ. ಇದರಲ್ಲಿ ‘ಆಸೆ’ಯೇ ಇಲ್ಲ. ಡಚ್ಚರ ‘ಫರ್ಲೋರನ್ ಹೋಪ್’ ಇಂಗ್ಲಿಷ್ ಕಿವಿಗೆ ಬಿದ್ದು ಹೀಗಾಯಿತು. ಅಲ್ಲಿ ‘ಹೋಪ್’ ಎಂದರೆ ಮೇಲೆ ಬಂದ ಹೌಫೆನ್ನೇ, ಗುಂಪು. ‘ಕಳೆದುಕೊಂಡ ಗುಂಪು’, ಮರಳಿ ಬರುತ್ತಾರೆಂದು ಲೆಕ್ಕ ಹಿಡಿಯದ ಪಡೆ. ಫ್ರೆಂಚರೂ ‘ಕಳೆದುಹೋದ ಮಕ್ಕಳು’ ಎಂದೇ ಕರೆದರು. ‘ಹತಾಶ ಪಡೆ’, ‘ನಿರಾಶರು’ ಎಂದು ಕನ್ನಡಿಸಿದರೆ ಆಡುವವರು ಅವರ ಎದೆಗಾರಿಕೆಯ ಅಂಕ ಇಳಿಸಿಬಿಡುತ್ತಾರೆ. ಅದು ಉಲ್ಟಾ. ಈ ಕೆಲಸಕ್ಕೆ ಮುಂದೆ ಬರುತ್ತಿದ್ದವರಲ್ಲಿ ದುಪ್ಪಟ್ಟು ಸಂಬಳದವರೂ ಇದ್ದರು. ಸಾಮಾನ್ಯ ಲ್ಯಾಂಡ್ಸ್‌ಕ್ನೆಕ್ಟನಿಗೆ (ಜರ್ಮನ್ ಕೂಲಿ ಸೈನಿಕನಿಗೆ) ತಿಂಗಳಿಗೆ 4 ಗುಲ್ಡನ್ ನಾಣ್ಯ, ಅವರಿಗೆ 8.

‘ಬಲಿಪಡೆ’ ಆಗಬಹುದು. ‘ಲೆಂಕ’, ‘ವೇಳೆವಾಳಿ’ ಎಂಬ ಹಳೆಯ ಪದಗಳನ್ನು ಎಳೆದು ತರುವ ಆಸೆ ಬರುತ್ತದೆ, ಬೇಡ. ಅವರು ಒಡೆಯ ಸತ್ತರೆ ಜೊತೆಗೆ ಸಾಯುವ ಆಣೆ ಹೊತ್ತವರು, ಹಳೇಬೀಡಿನ ಹೊಯ್ಸಳ ದಂಡನಾಯಕ ಕುವರಲಕ್ಷ್ಮನ ಹಾಗೆ. ಇವರು ಕೂಲಿಗೆ ಮುಂದೆ ಹೋದವರು, ಬದುಕಿದರೆ ದುಪ್ಪಟ್ಟು ಎಣಿಸಿಕೊಂಡು ಹೋಗುವವರು.

ಲ್ಯಾಂಡ್ಸ್‌ಕ್ನೆಕ್ಟ್ ಪದವನ್ನು ಒಡೆಯಲೇಬೇಡಿ. ಅದರ ಮೊದಲ ಭಾಗ ‘ನಾಡು’. ಅದನ್ನು ‘ಲ್ಯಾನ್ಸ್’ ಎಂದು ಕೇಳಿಸಿಕೊಂಡು ಈಟಿಯವನು ಮಾಡಿದವರು ಯುರೋಪಿನಲ್ಲೇ ಬೇಕಾದಷ್ಟಿದ್ದಾರೆ. ಮೇಜಿನ ಮೇಲೆ ಇವರನ್ನು ಸ್ವಿಸ್ಸರಿಂದ ಬೇರೆ ಮಾಡುವುದು ಬಣ್ಣ. ಇಬ್ಬರ ಉಡುಪೂ ಸೀಳಿ ಒಳಬಟ್ಟೆ ಹೊರಗೆಳೆದದ್ದು; ಸ್ವಿಸ್ಸರ ಮೈಮೇಲೆ ನೆಟ್ಟನೆಯ ಬಿಳಿ ಶಿಲುಬೆ, ಪವಿತ್ರ ರೋಮನ್ ಚಕ್ರವರ್ತಿಯ ಕಡೆಯ ಲ್ಯಾಂಡ್ಸ್‌ಕ್ನೆಕ್ಟರಿಗೆ ಕೆಂಪು ‘ಕತ್ತರಿ ಶಿಲುಬೆ’. X ಆಕಾರದ ಸಾಲ್ಟಾಯರ್‌ಗೆ ಈ ಪದ ಸಾಕು. ಸೀಳುಗಳಿಗೆ ಮೊದಲು ಒಳಗಿನ ತಿಳಿ ಬಣ್ಣ ತುಂಬಿ, ಆಮೇಲೆ ಹೊರಪಟ್ಟಿಗಳನ್ನು ಎಳೆಯಿರಿ, ಕೊನೆಗೆ ಅಂಚಿಗೆ ಕಡುಗಂದಿನ ತೆಳು ಗೆರೆ. ಮೊದಲೇ ಹೊರಬಣ್ಣ ಹಚ್ಚಿದರೆ ಸೀಳಿನೊಳಗೆ ತಿಳಿ ಬಣ್ಣ ಎರಡು ಮೂರು ಲೇಪ ಬೇಡುತ್ತದೆ, ಅಂಚು ಕೆಡುತ್ತದೆ.

ಪ್ರಶ್ನೆ ಕೇಳಿದವರಿಂದ

ಸಬಳ, ಥಟ್ಟು, ಬತ್ತಿಕೋವಿ, ಬಲಿಪಡೆ, ಮೋಹರಿಸು ಇಷ್ಟನ್ನೂ ತೆಗೆದುಕೊಂಡಾಯಿತು. ಪುಷ್ ಆಫ್ ಪೈಕ್‌ಗೆ ‘ತಳ್ಳಾಟ’ ಸಾಕೇ? ಡಿಸಾರ್ಡರ್ಡ್, ಶೇಕನ್ ಎರಡಕ್ಕೂ ಕರಡಿನಲ್ಲಿ ‘ಗಲಿಬಿಲಿ’ ಎಂದಿದೆ.

ಉತ್ತರ

ಎರಡನ್ನೂ ಒಂದೇ ಮಾಡಿದರೆ ಆಟವೇ ಕೆಡುತ್ತದೆ. ಗುಂಡು ತಗುಲಿದ ದಾಳದಲ್ಲಿ ಆರು ಬಿದ್ದರೆ ಯೂನಿಟ್ಟು ಡಿಸಾರ್ಡರ್ಡ್: ಸಾಲು ಕೆಟ್ಟಿತು, ಆಜ್ಞೆ ಕೊಟ್ಟು ನಡೆಸುವಂತಿಲ್ಲ, ಆದರೆ ಕೈಕೈ ಕಾದಾಟದಲ್ಲಿ ಸಿಕ್ಕಿಲ್ಲದಿದ್ದರೆ ತನ್ನ ಸರದಿಯ ಕೊನೆಗೆ ತಾನೇ ಸರಿಹೋಗುತ್ತದೆ. ಶೇಕನ್ ಹಾಗಲ್ಲ. ತಾಳಿಕೊಳ್ಳುವಷ್ಟು ಪೆಟ್ಟು ತುಂಬಿತು, ಸೇನಾನಿ ಬಂದು ಹುರಿದುಂಬಿಸುವವರೆಗೆ ಅದು ಮೇಲೆ ಬಿದ್ದು ನುಗ್ಗುವುದಿಲ್ಲ. ಮೊದಲನೆಯದು ಸಾಲಿನ ಕೇಡು, ಎರಡನೆಯದು ಎದೆಯ ಕೇಡು. ‘ಕದಡಿದೆ’ ಮತ್ತು ‘ಎದೆಗುಂದಿದೆ’ ಇರಲಿ. ಮೂರು ದಾಳ ಹಾಕುವ ಕೋವಿಗಾರರು ಒಂದಾದರೂ ಆರು ತರುವ ಸಾಧ್ಯತೆ 216ರಲ್ಲಿ 91. ಅಂದರೆ ಥಟ್ಟು ಸಾಯುವುದಕ್ಕಿಂತ ಕದಡಿ ನಿಂತುಬಿಡುವುದೇ ಹೆಚ್ಚು. 1522ರ ಏಪ್ರಿಲ್ 27ರಂದು ಬಿಕೊಕ್ಕಾದಲ್ಲಿ ಸ್ವಿಸ್ಸರಿಗೆ ಆದದ್ದು ಇದೇ: ತಗ್ಗಿನ ರಸ್ತೆಗೆ ಇಳಿದು ಸಾಲು ಕೆಟ್ಟಿತು, ಎದುರಿನ ಮಣ್ಣಿನ ದಿಬ್ಬದ ಮೇಲೆ ನಾಲ್ಕು ಸಾಲು ಕೋವಿಗಾರರು. ಸುಮಾರು 3000 ಜನ ಸತ್ತರು. ಆ ಕಾಳಗವನ್ನು ಆಡುವಾಗ ತಗ್ಗಿನ ರಸ್ತೆ ದಾಟಿದ ಥಟ್ಟು ಗುಂಡು ಬೀಳದಿದ್ದರೂ ಕದಡಲೇಬೇಕು ಎಂಬ ನಿಯಮ ಸೇರಿಸಿ. ಇಲ್ಲದಿದ್ದರೆ ಸ್ವಿಸ್ಸರು ಸಲೀಸಾಗಿ ಗೆಲ್ಲುತ್ತಾರೆ.

ಪುಷ್ ಆಫ್ ಪೈಕ್‌ಗೆ ‘ತಳ್ಳಾಟ’ ಅಂದರೆ ಬಸ್ಸಿನ ಬಾಗಿಲು ಕಣ್ಣಿಗೆ ಬರುತ್ತದೆ. ಎದೆಗೆ ಎದೆ ಕೊಟ್ಟು ನೂಕುತ್ತಿದ್ದರೋ, ಮೊನೆಯಳತೆಯ ದೂರದಲ್ಲಿ ನಿಂತು ಇರಿಯುತ್ತಿದ್ದರೋ ಎಂಬ ವಾದ ಇತಿಹಾಸಕಾರರಲ್ಲೂ ಇದೆ. ‘ತಿವಿದಾಟ’ ಹಾಕಿದರೆ ಎರಡಕ್ಕೂ ಸಲ್ಲುತ್ತದೆ.

ಇನ್ನು ದಾಳದ ಮಾತು. ‘ರೋಲ್’ಗೆ ಪಗಡೆ, ಚೌಕಾಬಾರದ ‘ಗರ’ ಕೈಯಲ್ಲೇ ಇರುವಾಗ ‘ಉರುಳಿಸುವಿಕೆ’ ಯಾಕೆ? ಆಜ್ಞೆಯ ನಿಯಮ ಹೀಗೆ ಬರೆಯಬಹುದು:

‘ಯಾವ ಯೂನಿಟ್ಟು, ಎಲ್ಲಿಗೆ, ಏನು ಮಾಡಲು ಎಂಬುದನ್ನು ಮೊದಲು ಬಾಯಿಬಿಟ್ಟು ಹೇಳಿ. ಆಮೇಲೆ ಎರಡು ದಾಳ ಹಾಕಿ ಕೂಡಿಸಿ. ಸೇನಾನಿಯ ಅಂಕ 8 ಎಂದುಕೊಳ್ಳಿ: ಗರ 8 ಅಥವಾ 7 ಬಿದ್ದರೆ ಒಂದು ನಡೆ, 6ಕ್ಕೆ ಎರಡು ನಡೆ, 5 ಮತ್ತು ಅದಕ್ಕಿಂತ ಕಡಿಮೆಗೆ ಮೂರು ನಡೆ. 9ರ ಮೇಲೆ ಬಿದ್ದರೆ ಆಜ್ಞೆ ತಲುಪಲಿಲ್ಲ. ಜೋಡಿ ಆರು ಬಿದ್ದರೆ ಎಡವಟ್ಟು.’

ಇದರಲ್ಲಿ ‘9ರ ಮೇಲೆ’ ತಿದ್ದಿ ‘9 ಅಥವಾ ಅದಕ್ಕಿಂತ ಹೆಚ್ಚು’ ಮಾಡಿ, 9 ಬಿದ್ದವರು ವಾದಕ್ಕೆ ನಿಲ್ಲುತ್ತಾರೆ. 36 ಗರಗಳಲ್ಲಿ 26 ಆಜ್ಞೆಗೆ ಅನುಕೂಲ, ಎಡವಟ್ಟು ಒಂದೇ ಒಂದು. ಬ್ಲಂಡರ್‌ಗೆ ಎಡವಟ್ಟಿಗಿಂತ ಒಳ್ಳೆಯ ಪದ ಯಾವ ಭಾಷೆಯಲ್ಲೂ ಇರಲಾರದು.

ಪ್ರಶ್ನೆ ಕೇಳಿದವರಿಂದ

ಎಲ್ಲವನ್ನೂ ಸೇರಿಸಿಕೊಂಡಿದ್ದೇನೆ. ಪಿಸ್ತೂಲಿನ ಸವಾರರ ‘ಕ್ಯಾರಕೋಲ್’ ಒಂದು ಉಳಿಯಿತು.

ಉತ್ತರ

ಸ್ಪ್ಯಾನಿಷಿನಲ್ಲಿ ಅದು ಬಸವನಹುಳು, ಸುರುಳಿ. ಸಾಲುಸಾಲಾಗಿ ಬಂದು ಹೊಡೆದು ಸುತ್ತಿ ಹಿಂದಕ್ಕೆ ಹೋಗುವುದಕ್ಕೆ ‘ಸುತ್ತುವರಿಸೆ’ ಆದೀತು. ಆದರೆ ರೈಟರ್ ಎಂಬ ಪಿಸ್ತೂಲಿನ ಜರ್ಮನ್ ಸವಾರರ ಭರಾಟೆ ನಿಮ್ಮ ಕಾಲಮಿತಿಯ ಕೊನೆಯ ಕೆಲವು ವರ್ಷಗಳದ್ದು, ಅದರ ನಂತರದ್ದು. ನಾಲ್ಕೇ ಪುಟ ಅಂದಿದ್ದೀರಿ; ಅವರನ್ನು ಬಿಟ್ಟು ಆ ಜಾಗಕ್ಕೆ ಸ್ಟ್ರಾಡಿಯೊಟ್ ಸವಾರರನ್ನು (ವೆನಿಸ್ ಕೂಲಿಗಿಟ್ಟ ಬಾಲ್ಕನ್ ಕಡೆಯ ಹಗುರ ಕುದುರೆಯವರನ್ನು) ಹಾಕಿ. 1495ರ ಫೋರ್ನೋವೊ ಕಾಳಗದಲ್ಲಿ ಕಾದಾಡುವುದು ಬಿಟ್ಟು ಫ್ರೆಂಚರ ಸಾಮಾನು ಸರಂಜಾಮಿನ ಲೂಟಿಗೆ ಬಿದ್ದವರು ಅವರು, ಅದಕ್ಕೆ ಒಂದು ನಿಯಮ ಬೇಕೇ ಬೇಕು.